ಹಳೆಯ ಮರ, ಹೊಸ ಕೂಸು



ಪುಣೆಯ ವಿಮಾನ ನಗರದಲ್ಲಿ ಏಪ್ರಿಲ್, ಮೇ ತಿಂಗಳು ಬಂತೆಂದರೆ ಸೊಸೈಟಿಗಳ ಗೇಟಿನ ಮುಂದೆ ಟೆಂಪೊಗಳು ನಿಲ್ಲತೊಡಗುತ್ತವೆ. ಸಿಂಬಯಾಸಿಸ್ ಕಾಲೇಜಿನ ಹುಡುಗರು ಪರೀಕ್ಷೆ ಮುಗಿಸಿ ಊರಿಗೆ ಹೊರಡುತ್ತಾರೆ. ಖರಾಡಿಯ ಐಟಿ ಕಂಪನಿಗಳಲ್ಲಿರುವವರಿಗೆ ಬೆಂಗಳೂರಿಗೋ ಹೈದರಾಬಾದಿಗೋ ಕೆಲಸ ಬದಲಾಗಿರುತ್ತದೆ. ಲೋಹಗಾಂವ್ ವಾಯುನೆಲೆಯ ಕುಟುಂಬಗಳಿಗೆ ವರ್ಗಾವಣೆಯ ಆದೇಶ ಬಂದಿರುತ್ತದೆ. ಹೋಗುವವರೆಲ್ಲ ಮನೆಯ ಅರ್ಧ ಸಾಮಾನನ್ನು ಇಲ್ಲಿಯೇ ಮಾರಿ ಹೋಗುತ್ತಾರೆ. ಮಾರಾಟವಾಗದೆ ಉಳಿದದ್ದನ್ನು ಗುಜರಿ ಕೊಳ್ಳುವ ಭಂಗಾರವಾಲಾ ಕೈಗಾಡಿಯಲ್ಲಿ ಹೇರಿಕೊಂಡು ಹೋಗುತ್ತಾನೆ. ಹಾಗೆ ಕೈ ಬದಲಿಸುವ ಸಾಮಾನಿನ ನಡುವೆ ಕೂಸಿನ ಮಂಚ ಒಂದಾದರೂ ಇರುತ್ತದೆ. ಒಂದು ಮಗುವಿಗೆ ಅದರ ಉಪಯೋಗ ಎರಡು ವರ್ಷ, ಹೆಚ್ಚೆಂದರೆ ಮೂರು. ಮರ ಗಟ್ಟಿಯಾಗಿದ್ದರೆ ಅದು ಮೂರು ತಲೆಮಾರಿಗೆ ಸಾಕು.

ನಮ್ಮ ಮನೆಯಲ್ಲಿ ಸೊಸೆ ಬಸುರಿ ಎಂದು ತಿಳಿದಾಗ ನಾನು ಅಂಥದೊಂದು ಮಂಚವನ್ನು ತಂದು ಪಾಲಿಶ್ ಮಾಡಿಸೋಣ ಎಂದೆ. ಹುಬ್ಬಳ್ಳಿಯಿಂದ ಸೊಸೆಯ ತಾಯಿ ಫೋನಿನಲ್ಲಿ ಕೇಳಿದರು: “ಅಕ್ಕಾರ, ಮೊದಲನೇ ಕೂಸು ಐತ್ರಿ. ಯಾರೋ ಬಳಸಿದ ಮಂಚ ಯಾಕ? ಹೊಸಾದು ತರೂಣಲ್ಲ?” ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ಹೆಣ್ಣು ಕೊಟ್ಟ ಮನೆಯವರ ಕಾಳಜಿ ಅದು. ಆದರೆ ಅವರ ಮನೆಯ ಅಟ್ಟದ ಮೇಲೆಯೇ ಒಂದು ಕಲಘಟಗಿ ತೊಟ್ಟಿಲಿದೆ. ಅದರಲ್ಲಿ ಅವರ ಮಾವನವರು ಮಲಗಿದ್ದರು, ಅವರ ಯಜಮಾನರು ಮಲಗಿದ್ದರು, ನನ್ನ ಸೊಸೆಯೂ ಮಲಗಿದ್ದಳು. ಓಣಿಯ ಎಷ್ಟೋ ಮನೆಗಳ ಹೆಸರಿಡುವ ಕಾರ್ಯಕ್ಕೆ ಆ ತೊಟ್ಟಿಲು ಹೋಗಿ ಬಂದಿದೆ. ನಾನು ಅದನ್ನು ನೆನಪಿಸಿದೆ. “ಹೌದ್ರಿ ಅಕ್ಕಾರ, ಅದು ಖರೆ ಐತಿ,” ಎಂದರು.

ಕಲಘಟಗಿ ಧಾರವಾಡ ಜಿಲ್ಲೆಯ ತಾಲೂಕು ಊರು, ಹುಬ್ಬಳ್ಳಿಯಿಂದ ಕಾರವಾರಕ್ಕೆ ಹೋಗುವ ದಾರಿಯಲ್ಲಿದೆ. ಅಲ್ಲಿಯ ಚಿತ್ರಗಾರರ ಮನೆತನದವರು ಸಾಗವಾನಿ ಕಟ್ಟಿಗೆಯಲ್ಲಿ ತೊಟ್ಟಿಲು ಮಾಡಿ, ಅದರ ಮೇಲೆ ಅರಗಿನ ಬಣ್ಣದಲ್ಲಿ ರಾಮಾಯಣದ, ಕೃಷ್ಣಲೀಲೆಯ ಚಿತ್ರ ಬರೆಯುತ್ತಾರೆ. ನಟ ಅಂಬರೀಶ್ ಅವರು ಯಶ್ ಮತ್ತು ರಾಧಿಕಾ ಪಂಡಿತ್ ಅವರ ಮಗುವಿಗೆಂದು ಅಲ್ಲಿಯೇ ತೊಟ್ಟಿಲು ಮಾಡಲು ಹೇಳಿದ್ದರು. 2018ರ ನವೆಂಬರಿನಲ್ಲಿ ಅಂಬರೀಶ್ ತೀರಿಕೊಂಡ ಕೆಲವೇ ದಿನಗಳಲ್ಲಿ ಆ ಮಗು ಹುಟ್ಟಿತು. ತೊಟ್ಟಿಲು ಆಮೇಲೆ ಬಂದು ಮುಟ್ಟಿತು. ಆ ಸುದ್ದಿಯಿಂದ ಕಲಘಟಗಿಯ ಹೆಸರು ದಕ್ಷಿಣದ ಜಿಲ್ಲೆಗಳಿಗೂ ಪರಿಚಯವಾಯಿತು. ಉತ್ತರ ಕರ್ನಾಟಕದವರಿಗೆ ಅದು ಮೊದಲಿನಿಂದ ಗೊತ್ತಿದ್ದದ್ದೇ. ಅಲ್ಲಿ ತೊಟ್ಟಿಲು ಹಳೆಯದಾದಷ್ಟೂ ಅದರ ಮರ್ಯಾದೆ ಹೆಚ್ಚು. ಎಷ್ಟು ಮಕ್ಕಳು ಅದರಲ್ಲಿ ಮಲಗಿ ಎದ್ದು ದೊಡ್ಡವರಾದರು ಎಂಬುದೇ ಅದರ ಬೆಲೆ.

ವಿಮಾನ ನಗರದ ಫ್ಲ್ಯಾಟಿನಲ್ಲಿ ಆ ತೊಟ್ಟಿಲನ್ನು ಕಟ್ಟಲು ತೊಲೆ ಇಲ್ಲ. ಚಾವಣಿ ಕಾಂಕ್ರೀಟಿನದು, ಅದರಲ್ಲಿರುವುದು ಫ್ಯಾನಿನ ಕೊಂಡಿ ಮಾತ್ರ. ಆ ಕೊಂಡಿಗೆ ತೊಟ್ಟಿಲು ಕಟ್ಟುವವರಿದ್ದಾರೆ. ದಯವಿಟ್ಟು ಕಟ್ಟಬೇಡಿ. ಅದನ್ನು ಹಾಕಿದ್ದು ಒಂದೇ ಕಡೆ ತೂಗುವ ಫ್ಯಾನಿನ ಭಾರಕ್ಕೆ. ದಿನಕ್ಕೆ ಸಾವಿರ ಸಲ ಆ ಕಡೆ ಈ ಕಡೆ ಜಗ್ಗುವ ತೊಟ್ಟಿಲಿನ ಲೆಕ್ಕ ಅದನ್ನು ಕೂರಿಸಿದವರ ತಲೆಯಲ್ಲಿರಲಿಲ್ಲ. ಹಾಗಾಗಿ ಇಲ್ಲಿಯ ಮನೆಗಳಿಗೆ ನೆಲದ ಮೇಲೆ ನಿಲ್ಲುವ, ಸುತ್ತ ಸರಳುಗಳಿರುವ ಮಂಚವೇ ಸರಿ. ಅದನ್ನು ಹಳೆಯದಾಗಿ ಕೊಳ್ಳುವಾಗ ಏನನ್ನು ನೋಡಬೇಕು, ಕೊಂಡ ಮೇಲೆ ಹೇಗೆ ಹೊಸ ಮಾಡಬೇಕು ಎಂಬುದನ್ನು ಇವತ್ತು ಹೇಳುತ್ತೇನೆ.

ಜನ ಹಳೆಯ ಮರಕ್ಕೆ ಹೆದರುತ್ತಾರೆ. ಹೆದರಬೇಕಾದದ್ದು ಮರದ ಮೇಲಿನ ಬಣ್ಣಕ್ಕೆ.

ಮರದ ಪರೀಕ್ಷೆ ಸುಲಭ. ಮಂಚವನ್ನು ಒಂದು ಮೂಲೆಯಿಂದ ಎತ್ತಿ ನೋಡಿ. ಸಾಗವಾನಿಯಾದರೆ ಕೈಗೆ ಭಾರ ಗೊತ್ತಾಗುತ್ತದೆ. ತಲೆಕೆಳಗೆ ಮಾಡಿ, ಪಾಲಿಶ್ ಹತ್ತದ ಅಡಿಭಾಗದಲ್ಲಿ ಉಗುರಿನಿಂದ ಕೆರೆದು ಮೂಸಿದರೆ ಚಕ್ಕಳದಂಥ ಒಂದು ಎಣ್ಣೆಯ ವಾಸನೆ ಬರುತ್ತದೆ. ಬೀಟೆಯಾದರೆ ಇನ್ನೂ ಭಾರ, ಒಳಗೆ ಕಪ್ಪು ಗೆರೆ. ಗುಂಡುಸೂಜಿ ಹೋಗುವಷ್ಟು ತೂತುಗಳಿದ್ದು, ತಟ್ಟಿದಾಗ ಹಿಟ್ಟು ಉದುರಿದರೆ ಕುಟ್ಟೆ ಹುಳು ಇನ್ನೂ ಒಳಗಿದೆ ಎಂದು ತಿಳಿದು ಬಿಟ್ಟುಬಿಡಿ. ಮಣ್ಣಿನ ಗೆರೆ ಕಂಡರೆ ಗೆದ್ದಲು, ಅದೂ ಬೇಡ. ಕೀಲು ಸಡಿಲಾಗಿದ್ದರೆ ಚಿಂತೆಯಿಲ್ಲ. ಹಳೆಯ ಬಡಿಗೇರರು ಒಂದು ಕಟ್ಟಿಗೆಯ ತುದಿಯನ್ನು ಇನ್ನೊಂದರ ತೂತಿನಲ್ಲಿ ಕಚ್ಚಿ ಕೂರಿಸುತ್ತಿದ್ದರು. ಅಂಥ ಜೋಡಣೆಯನ್ನು ಬಿಚ್ಚಿ, ಹಳೆಯ ಅಂಟನ್ನು ಕೆರೆದು, ಫೆವಿಕಾಲ್ ಹಚ್ಚಿ, ಹಗ್ಗದಿಂದ ಬಿಗಿದು ಒಂದು ದಿನ ಬಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ. ಮೊಳೆ ಹೊಡೆದು ರಿಪೇರಿ ಮಾಡಿದ ಮಂಚ ಮಾತ್ರ ಅನುಮಾನದ್ದು. ಮೊಳೆ ಕಾಲಕ್ರಮದಲ್ಲಿ ಮೇಲೆದ್ದು ಬರುತ್ತದೆ, ಕೂಸಿನ ಬೆರಳು ಅಲ್ಲಿಗೇ ಹೋಗುತ್ತದೆ.

ಇಂಥ ಸಾಮಾನಿಗೆ ಪುಣೆಯಲ್ಲಿ ಹಳೆಯ ಜಾಗವೆಂದರೆ ಮಂಗಳವಾರ ಪೇಟೆಯ ಜುನಾ ಬಾಜಾರ್. ಬುಧವಾರ ಮತ್ತು ಭಾನುವಾರ ನೆರೆಯುವ ಸಂತೆ ಅದು. ಹಿತ್ತಾಳೆ ಹಿಡಿಕೆ, ಹಳೆಯ ತಿರುಪು, ಕಪಾಟಿನ ಬೀಗ, ಎಲ್ಲ ಸಿಗುತ್ತದೆ. ಕೂಸಿನ ಮಂಚವನ್ನು ಮಾತ್ರ ಅಕ್ಕಪಕ್ಕದ ಸೊಸೈಟಿಯಲ್ಲಿ, ಅದನ್ನು ಬಳಸಿದ ಮನೆಯವರನ್ನೇ ಕೇಳಿ ಕೊಳ್ಳುವುದು ಒಳ್ಳೆಯದು. ಯಾವಾಗ ಮಾಡಿಸಿದ್ದು, ಬಣ್ಣ ಯಾವಾಗ ಹಚ್ಚಿದ್ದು ಎಂಬ ಎರಡು ಪ್ರಶ್ನೆಗೆ ಅವರಲ್ಲಿ ಉತ್ತರ ಇರುತ್ತದೆ, ಸಂತೆಯಲ್ಲಿ ಇರುವುದಿಲ್ಲ.

ಯಾವಾಗ ಹಚ್ಚಿದ್ದು ಎಂದು ಯಾಕೆ ಕೇಳಬೇಕು? ಸೀಸಕ್ಕಾಗಿ.

ಬಿಳಿ ಬಣ್ಣಕ್ಕೆ ಸೀಸದ ಕಾರ್ಬೊನೇಟ್, ಹಳದಿ ಕಿತ್ತಳೆಗಳಿಗೆ ಸೀಸದ ಕ್ರೋಮೇಟ್, ಕಬ್ಬಿಣದ ತೊಟ್ಟಿಲಿನ ಅಡಿ ಬಣ್ಣಕ್ಕೆ ಕೆಂಪು ಸೀಸ. ನೂರಾರು ವರ್ಷ ಪೇಂಟಿನಲ್ಲಿ ಇವೇ ಇದ್ದವು. ಬಣ್ಣಕ್ಕೆ ಹೊಳಪು ಬರುತ್ತಿತ್ತು, ಬೇಗ ಒಣಗುತ್ತಿತ್ತು, ಮಳೆಗೆ ತಡೆಯುತ್ತಿತ್ತು. ತೂಕದಲ್ಲಿ ಅರ್ಧದಷ್ಟು ಸೀಸವೇ ಇದ್ದ ಬಣ್ಣಗಳೂ ಇದ್ದವು. ಸೀಸದ ಲವಣಗಳಿಗೆ ಸ್ವಲ್ಪ ಸಿಹಿ ರುಚಿ ಇದೆ, ಅದೇ ದೊಡ್ಡ ಕೇಡು. ಹಲ್ಲು ಮೂಡುವ ಕಾಲದಲ್ಲಿ ಕೂಸು ಮಂಚದ ಸರಳು ಹಿಡಿದು ನಿಂತು ಅದನ್ನೇ ಕಡಿಯುತ್ತದೆ. ಎಲ್ಲ ಮಕ್ಕಳೂ ಮಾಡುವ ಕೆಲಸವಿದು. ಯಾವ ಹಳೆಯ ಮಂಚವನ್ನು ನೋಡಿದರೂ ಮೇಲಿನ ಪಟ್ಟಿಯಲ್ಲಿ ಪುಟ್ಟ ಹಲ್ಲಿನ ಗುರುತುಗಳಿರುತ್ತವೆ.

ಬಣ್ಣದ ಸೀಸ ಮಕ್ಕಳಿಗೆ ವಿಷವಾಗುವುದನ್ನು ಮೊದಲು ಗುರುತಿಸಿದವರು ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ವೈದ್ಯರು. ಅಲ್ಲಿ 1890ರ ದಶಕದಲ್ಲಿ ಮಕ್ಕಳು ಹೊಟ್ಟೆನೋವು, ಕೈಕಾಲು ಸೋಲು, ಕಣ್ಣಿನ ತೊಂದರೆಯಿಂದ ಆಸ್ಪತ್ರೆಗೆ ಬರುತ್ತಿದ್ದರು. ರೋಗ ಸೀಸದ್ದೆಂದು ತಿಳಿಯಿತು, ಸೀಸ ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ನೀರನ್ನು ಪರೀಕ್ಷಿಸಿದರು, ಪಾತ್ರೆಗಳನ್ನು ಪರೀಕ್ಷಿಸಿದರು. 1904ರಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ಕಣ್ಣಿನ ವೈದ್ಯರು ಜಗಲಿಯ ಕಟಾಂಜನದ ಬಣ್ಣವನ್ನು ತೋರಿಸಿದರು. ಬಿಸಿಲಿಗೆ ಪುಡಿಯಾದ ಬಣ್ಣ ಮಕ್ಕಳ ಬೆರಳಿಗೆ ಹತ್ತುತ್ತಿತ್ತು, ಬೆರಳು ಬಾಯಿಗೆ ಹೋಗುತ್ತಿತ್ತು. ಹತ್ತು ವರ್ಷದ ನಂತರ, 1914ರಲ್ಲಿ, ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಥಾಮಸ್ ಮತ್ತು ಬ್ಲ್ಯಾಕ್‌ಫ್ಯಾನ್ ಎಂಬ ವೈದ್ಯರು ಒಬ್ಬ ಬಾಲಕನ ಸಾವಿನ ವಿವರ ಬರೆದರು. ಅವನು ಕಡಿದು ನುಂಗಿದ್ದು ತನ್ನ ಮಂಚದ ಸರಳಿನ ಬಿಳಿ ಬಣ್ಣವನ್ನು.

ಅಂದರೆ ನೂರು ವರ್ಷಕ್ಕೂ ಹಿಂದೆಯೇ ಜಗತ್ತಿಗೆ ಗೊತ್ತಿತ್ತು. ಅಮೆರಿಕ ಮನೆಯ ಬಣ್ಣದಿಂದ ಸೀಸವನ್ನು ತೆಗೆದದ್ದು 1978ರಲ್ಲಿ. ಭಾರತದಲ್ಲಿ ಕಡ್ಡಾಯ ನಿಯಮ ಬಂದದ್ದು 2016ರ ನವೆಂಬರ್ 1ರಂದು, ಜಾರಿಯಾದದ್ದು ಅದರ ಮರುವರ್ಷ, 2017ರ ನವೆಂಬರ್ 1ರಿಂದ. ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದು. ಅದಕ್ಕೂ ಮೊದಲು ಇದ್ದದ್ದು ಕಂಪನಿಗಳ ಇಷ್ಟಕ್ಕೆ ಬಿಟ್ಟ ಮಾನದಂಡ. ಆದ್ದರಿಂದ 2017ಕ್ಕಿಂತ ಹಿಂದೆ ಬಣ್ಣ ಹಚ್ಚಿದ ಯಾವ ಮಂಚವನ್ನಾದರೂ ಸೀಸವಿದೆ ಎಂದುಕೊಂಡೇ ನೋಡಬೇಕು. ದಿನಾಂಕ ಗೊತ್ತಿಲ್ಲವೆಂದರೆ ಆಗಲೂ ಹಾಗೆಯೇ.

ಈ ವಿಷಯದಲ್ಲಿ ನಮ್ಮ ಕರ್ನಾಟಕದ ಪಾತ್ರ ದೊಡ್ಡದು, ಅದನ್ನು ನಾವು ಸಾಕಷ್ಟು ನೆನೆಯುವುದಿಲ್ಲ. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಎಂಬ ಸಂಸ್ಥೆ ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ರಕ್ತದ ಪರೀಕ್ಷೆ ಮಾಡಿಸಿತು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ ಆಗ ಮಿತಿಯೆಂದು ಹೇಳುತ್ತಿದ್ದ ಪ್ರಮಾಣವನ್ನು ಸೀಸ ಮೀರಿತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಅವರು ಅಲ್ಲಿ ಸೀಸದ ವಿಷಕ್ಕೆಂದೇ ರಾಷ್ಟ್ರೀಯ ಕೇಂದ್ರವೊಂದನ್ನು ಕಟ್ಟಿ, ತಮ್ಮ ಬದುಕನ್ನೇ ಆ ಕೆಲಸಕ್ಕೆ ಇಟ್ಟರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಬಣ್ಣದಿಂದ ಅದನ್ನು ಹೊರಗೆ ಹಾಕಲು ಇನ್ನೂ ಹದಿನೇಳು ವರ್ಷ ಬೇಕಾಯಿತು. ಆ ಹದಿನೇಳು ವರ್ಷಗಳಲ್ಲಿ ಬಣ್ಣ ಹಚ್ಚಿದ ಎಷ್ಟೋ ಮಂಚಗಳು ಇವತ್ತು ಮರುಮಾರಾಟಕ್ಕೆ ಬರುತ್ತಿವೆ. ಅದಕ್ಕೇ ಈ ಮಾತನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ದೊಡ್ಡವರ ಹೊಟ್ಟೆಗೆ ಹೋದ ಸೀಸದಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಮಕ್ಕಳಲ್ಲಿ ಅದರ ನಾಲ್ಕೈದು ಪಟ್ಟು. ರಕ್ತದಲ್ಲಿ ಕಬ್ಬಿಣ, ಸುಣ್ಣದ ಅಂಶ ಕಡಿಮೆಯಿರುವ ಮಗುವಿನಲ್ಲಿ ಇನ್ನೂ ಹೆಚ್ಚು. ಅದು ಬೆಳೆಯುತ್ತಿರುವ ಮಿದುಳನ್ನು ಮುಟ್ಟುತ್ತದೆ, ಕಲಿಯುವ ಶಕ್ತಿಯನ್ನು ಕುಗ್ಗಿಸುತ್ತದೆ. ಇಷ್ಟಾದರೆ ಅಪಾಯವಿಲ್ಲ ಎನ್ನಬಹುದಾದ ಯಾವ ಪ್ರಮಾಣವೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಾಗಾದರೆ ಬಣ್ಣ ಹಚ್ಚಿದ ಮಂಚವನ್ನು ಉಜ್ಜಿ ತೆಗೆದರಾಯಿತಲ್ಲ ಎನ್ನಬಹುದು. ಅಲ್ಲಿಯೇ ಹೆಚ್ಚಿನ ಅಪಾಯವಿರುವುದು. ಮರದ ಮೇಲೆ ಗಟ್ಟಿಯಾಗಿ ಕುಳಿತಿದ್ದ ಸೀಸವನ್ನು ಪಾಲಿಶ್ ಪೇಪರ್ ಹಿಡಿದು ಒಣಗಿದ್ದಂತೆಯೇ ಉಜ್ಜಿದರೆ ಅದು ಹಿಟ್ಟಾಗಿ ಮನೆಯ ತುಂಬ ಹರಡುತ್ತದೆ. ಪರದೆಯಲ್ಲಿ, ಹಾಸಿಗೆಯಲ್ಲಿ, ಬಾಲ್ಕನಿಯ ತುಳಸಿಯ ಮಣ್ಣಿನಲ್ಲಿ ಕೂರುತ್ತದೆ. ಉರಿ ಹಿಡಿದು ಸುಲಿದರೆ ಹೊಗೆಯಾಗಿ ಉಸಿರಿಗೆ ಹೋಗುತ್ತದೆ. ಬಸುರಿ ಹೆಂಗಸು ಅದೇ ಮನೆಯಲ್ಲಿದ್ದರೆ ಅವಳ ರಕ್ತದಿಂದ ನೇರ ಹೊಟ್ಟೆಯ ಕೂಸಿಗೆ ದಾಟುತ್ತದೆ. ನನ್ನ ಸಲಹೆ ಇಷ್ಟೆ: ಹಳೆಯ ಬಣ್ಣ ಹಚ್ಚಿದ ಮಂಚವನ್ನು ಕೊಳ್ಳಲೇಬೇಡಿ, ಎಷ್ಟು ಅಗ್ಗವಾದರೂ. ಮರದ ಗೆರೆ ಕಾಣುವಂತೆ ಬರಿಯ ಪಾಲಿಶ್ ಇರುವುದನ್ನು ಹುಡುಕಿ. ಅಜ್ಜನ ಕಾಲದ್ದು, ಬಿಡಲು ಮನಸ್ಸಿಲ್ಲ ಎಂದಿದ್ದರೆ ಚೂರು ಬಣ್ಣವನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ. ಸೀಸವಿದ್ದರೆ ಕೆಲಸ ಮನೆಯಿಂದ ಹೊರಗೆ, ನೀರು ಹಾಕಿ ಒದ್ದೆಯಾಗಿಯೇ ಉಜ್ಜುವ ಅನುಭವಸ್ಥರ ಕೈಯಲ್ಲಿ ನಡೆಯಲಿ. ಅವರ ಮೂಗಿಗೂ ಒಳ್ಳೆಯ ಮಾಸ್ಕ್ ಇರಲಿ, ಅವರ ಮನೆಯಲ್ಲೂ ಮಕ್ಕಳಿರುತ್ತಾರೆ.

ಬರಿಯ ಪಾಲಿಶ್ ಇದ್ದ ಮಂಚ ಸಿಕ್ಕಿತು ಎಂದುಕೊಳ್ಳೋಣ. ಈಗ ಸಂತೋಷದ ಕೆಲಸ.

ಮೊದಲು ಬಿಸಿನೀರಿಗೆ ಸೋಪು ಹಾಕಿ, ಹಿಂಡಿದ ಬಟ್ಟೆಯಿಂದ ವರ್ಷಗಳ ಜಿಡ್ಡು ತೆಗೆಯಬೇಕು. ಒಣಗಿದ ಮೇಲೆ 120 ನಂಬರಿನ ಪಾಲಿಶ್ ಪೇಪರು, ಆಮೇಲೆ 220, ಕೊನೆಗೆ 320. ಯಾವಾಗಲೂ ಮರದ ಗೆರೆಯ ಉದ್ದಕ್ಕೆ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ. ಎಲ್ಲ ಅಂಚುಗಳನ್ನೂ ಕೈ ಸವರಿದರೆ ಮೊನಚು ಹತ್ತದಂತೆ ದುಂಡು ಮಾಡಿಸಿ. ಇಷ್ಟು ಮಾಡಿದರೆ ಮರ ತನ್ನ ಮೊದಲಿನ ಬಣ್ಣಕ್ಕೆ ಬರುತ್ತದೆ. ಕಪ್ಪಗೆ ಮುದಿಯಾಗಿದ್ದ ಸಾಗವಾನಿಯಿಂದ ಜೇನಿನ ಬಣ್ಣ ಹೊರಬರುವುದನ್ನು ನೋಡುವುದು ಒಂದು ಸುಖ, ನಾನು ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂತು ನೋಡಿದ್ದೇನೆ.

ಮೇಲೆ ಏನು ಹಚ್ಚಬೇಕು? ಅಂಗಡಿಯವರು ಮೆಲಮೈನ್ ಎನ್ನುತ್ತಾರೆ, ಪಿಯು (ಪಾಲಿಯುರೆಥೇನ್) ಎನ್ನುತ್ತಾರೆ. ಮೆಲಮೈನ್ ಪಾಲಿಶ್ ಒಣಗುವಾಗ, ಒಣಗಿದ ಮೇಲೂ ಸ್ವಲ್ಪ ಕಾಲ, ಫಾರ್ಮಾಲ್ಡಿಹೈಡ್ ಎಂಬ ಅನಿಲ ಬಿಡುತ್ತದೆ. ಕಣ್ಣುರಿ ಬರುವುದು ಅದರಿಂದಲೇ. ಕೂಸಿನ ಕೋಣೆಗೆ ಅದು ನನಗೆ ಬೇಡ. ನೀರಿನಲ್ಲಿ ಕಲಸುವ ಪಿಯು ಆಗಬಹುದು, ಪೂರ್ತಿ ಗಟ್ಟಿಯಾಗಲು ಕೆಲವು ವಾರ ಬಿಡಬೇಕು. ನನ್ನ ಆಯ್ಕೆ ಮಾತ್ರ ಅರಗು.

ಅರಗು ಒಂದು ಪುಟ್ಟ ಕೀಟ ಕೊಡುವ ವಸ್ತು. ಮುತ್ತುಗ, ಬೋರೆ ಮುಂತಾದ ಮರಗಳ ಎಳೆ ಕೊಂಬೆಯ ಮೇಲೆ ಕುಳಿತು, ರಸ ಹೀರಿ, ತನ್ನ ಸುತ್ತ ಕಟ್ಟಿಕೊಳ್ಳುವ ಕವಚ. ಜಾರ್ಖಂಡದಲ್ಲಿ ಅದರ ಬೆಳೆ ಹೆಚ್ಚು. ಅದನ್ನು ತೊಳೆದು, ಕಾಯಿಸಿ, ತೆಳುವಾಗಿ ಎಳೆದರೆ ಹಪ್ಪಳದ ಚೂರಿನಂಥ ಹೊನ್ನಿನ ಬಣ್ಣದ ಹಾಳೆಗಳಾಗುತ್ತವೆ. ಪಾಲಿಶ್ ಮಾಡುವವರು ಅದಕ್ಕೆ ಚಪಡಾ ಎನ್ನುತ್ತಾರೆ. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದು ಇದೇ ಅರಗು. ಅಲ್ಲಿ ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ. ಆಮೇಲೆ ಗರಿ ಹಿಡಿದು ಹೊಳಪು ತರುತ್ತಾರೆ. ಕಲಘಟಗಿಯ ತೊಟ್ಟಿಲಿಗೂ ಇದೇ. ಔಷಧದ ಕೆಲವು ಗುಳಿಗೆಗಳ ಮೇಲೆ, ಕೆಲವು ಪೆಪ್ಪರ್‌ಮಿಂಟುಗಳ ಮೇಲೆ ಇರುವ ಹೊಳೆಯುವ ಪದರವೂ ಅರಗೇ. ಕೂಸು ಕಡಿದರೂ ಭಯವಿಲ್ಲದ ಹೊದಿಕೆ ಯಾವುದೆಂದು ನಮ್ಮ ಹಿರಿಯ ಕುಶಲಕರ್ಮಿಗಳು ಸರಿಯಾಗಿಯೇ ಆರಿಸಿಕೊಂಡಿದ್ದರು.

ವಿಮಾನ ನಗರದಲ್ಲಿ ನಮಗೆ ಸಿಕ್ಕ ಪಾಲಿಶ್ ಕೆಲಸದವರು ಉತ್ತರ ಪ್ರದೇಶದ ಒಬ್ಬ ಹಿರಿಯರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ. ಚಪಡಾ ಕೇಳಿದ್ದಕ್ಕೆ ಅವರಿಗೆ ಬಹಳ ಖುಷಿ. ಈಗ ಯಾರೂ ಕೇಳುವುದಿಲ್ಲವಂತೆ, ಎಲ್ಲರಿಗೂ ಸ್ಪ್ರೇ ಬೇಕು, ಒಂದೇ ದಿನದಲ್ಲಿ ಮುಗಿಯಬೇಕು. ಒಂದು ಲೀಟರ್ ಸ್ಪಿರಿಟಿಗೆ ಸುಮಾರು ಇನ್ನೂರು ಗ್ರಾಂ ಚಪಡಾ ಹಾಕಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿದರು. ಬಣ್ಣವನ್ನೇನೂ ಬೆರೆಸಬೇಡಿ ಎಂದಿದ್ದೆ, ಬೆರೆಸಲಿಲ್ಲ. ಹತ್ತಿಯನ್ನು ಹಳೆಯ ಧೋತರದ ತುಂಡಿನಲ್ಲಿ ಉಂಡೆ ಕಟ್ಟಿ, ಅದ್ದಿ, ಸರಳು ಸರಳಿಗೂ ಎಳೆದರು. ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ. ಸ್ಪಿರಿಟ್ ಹಾರಿಹೋಗುತ್ತದೆ, ಮರದ ಮೇಲೆ ಉಳಿಯುವುದು ಅರಗು ಮಾತ್ರ. ಆದರೂ ಸ್ಪಿರಿಟಿನ ವಾಸನೆ ಇರುವವರೆಗೆ ಸೊಸೆಯನ್ನು ಆ ಕಡೆ ಬಿಡಲಿಲ್ಲ. ಹತ್ತಿರ ಒಲೆ, ದೀಪ ಕೂಡ ಇರಬಾರದು.

ಅರಗಿಗೆ ಒಂದು ದೌರ್ಬಲ್ಯ ಇದೆ, ಹೇಳಿಬಿಡುತ್ತೇನೆ. ನೀರು ನಿಂತರೆ ಬೆಳ್ಳಗಾಗುತ್ತದೆ, ಬಿಸಿ ತಪ್ಪಲೆ ಇಟ್ಟರೆ ಗುರುತು ಬೀಳುತ್ತದೆ. ಹಾಗಾಗಿ ಕೂಸಿನ ಬಟ್ಟೆ ಬದಲಿಸುವ ಮೇಜಿನ ಮೇಲೆ ರಬ್ಬರಿನ ಶೀಟು ಹಾಸಬೇಕು. ಮಂಚದ ಸರಳಿಗೆ ಆ ತೊಂದರೆಯಿಲ್ಲ. ಹಾಳಾದರೂ ಮತ್ತೆ ಉಜ್ಜಿ ಮತ್ತೊಂದು ಕೈ ಎಳೆದರೆ ಹಳೆಯ ಪದರವೇ ಕರಗಿ ಹೊಸದರೊಡನೆ ಒಂದಾಗುತ್ತದೆ. ಮೆಲಮೈನಿಗೂ ಪಿಯುಗೂ ಈ ಗುಣ ಇಲ್ಲ.

ಪುಣೆಯಲ್ಲಿ ಈ ಕೆಲಸಕ್ಕೆ ಕಾಲ ನೋಡಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯಲ್ಲಿ ನೀರು ತುಂಬಿರುತ್ತದೆ. ಆಗ ಪಾಲಿಶ್ ಎಳೆದರೆ ಮೇಲೆ ಮಂಜಿನಂತೆ ಬಿಳಿ ಕಟ್ಟುತ್ತದೆ, ಹೊಳಪು ಬರುವುದಿಲ್ಲ. ದೀಪಾವಳಿಯ ನಂತರ ಒಳ್ಳೆಯ ಕಾಲ. ಅದರ ಜೊತೆಗೆ ಬಸುರಿಯ ದಿನವನ್ನೂ ಲೆಕ್ಕ ಹಾಕಬೇಕು. ನಮ್ಮಲ್ಲಿ ಹೆರಿಗೆಗೆ ಮೊದಲು ಕೂಸಿನ ಸಾಮಾನು ಮನೆಗೆ ತರಬಾರದು ಎನ್ನುತ್ತಾರೆ. ಈ ನಂಬಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ, ಹಿಂದೆ ಎಷ್ಟೋ ಮನೆಗಳಲ್ಲಿ ತುಂಬದೆ ಉಳಿದ ತೊಟ್ಟಿಲಿನ ದುಃಖ ಅದರ ಹಿಂದಿದೆ. ಆದರೆ ಪಾಲಿಶಿಗೆ ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು. ಅದಕ್ಕೆ ನಾವು ಮಾಡಿದ್ದು ಇದು: ಕುಬಸದ (ಸೀಮಂತದ) ಮೊದಲೇ ಪಾಲಿಶ್ ಮುಗಿಸಿ, ಮಂಚವನ್ನು ಬಿಚ್ಚಿ, ಪಟ್ಟಿಗಳನ್ನಾಗಿ ಕಟ್ಟಿ ಪರಿಚಯದವರ ಮನೆಯಲ್ಲಿ ಇಟ್ಟೆವು. ಕೂಸು ಹುಟ್ಟಿದ ಮೇಲೆ ತಂದು ಜೋಡಿಸಿದೆವು. ಬೀಗರ ಮನಸ್ಸಿಗೂ ಸಮಾಧಾನ, ಅರಗಿಗೂ ಒಣಗಲು ಸಮಯ.

ಜೋಡಿಸುವಾಗ ಕೈಯಲ್ಲಿ ಅಳತೆಯ ಪಟ್ಟಿ ಇರಲಿ. ಎರಡು ಸರಳಿನ ನಡುವಿನ ಅಂತರ 6 ಸೆಂಟಿಮೀಟರ್ ಮೀರಬಾರದು. ಮೀರಿದರೆ ಕೂಸಿನ ಮೈ ತೂರಿ ಹೊರಗೆ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ಅಮೆರಿಕದಲ್ಲಿ ಈ ಅಳತೆ 1970ರ ದಶಕದಿಂದ ಕಾನೂನಾಗಿದೆ, ಮಕ್ಕಳು ಸತ್ತ ಮೇಲೆ ಬಂದ ಕಾನೂನು. ನಮ್ಮ ಬಡಿಗೇರರು ಮಾಡಿದ ಹಳೆಯ ಮಂಚಗಳಲ್ಲಿ ಅಂತರ ಹೆಚ್ಚಾಗಿರುವುದುಂಟು. ಆಗ ಪ್ರತಿ ಎರಡರ ನಡುವೆ ಇನ್ನೊಂದು ಸರಳು ಕೂರಿಸಬೇಕು, ಇಲ್ಲವೇ ಆ ಮಂಚವನ್ನು ಬಿಡಬೇಕು. ಒಂದು ಬದಿ ಕೆಳಗೆ ಜಾರುವ ಮಂಚಗಳನ್ನು ಅಮೆರಿಕ 2010ರಲ್ಲಿ ನಿಷೇಧಿಸಿತು. ಕೊಕ್ಕೆ ಸವೆದು ಬದಿ ಕಳಚಿ ಬೀಳುತ್ತಿತ್ತು. ಅಂಥದು ಸಿಕ್ಕರೆ ಜಾರುವ ಬದಿಯನ್ನು ನಾಲ್ಕು ತಿರುಪು ಹಾಕಿ ಕಾಯಂ ಮಾಡಿಸಬಹುದು ಎನ್ನುವವರಿದ್ದಾರೆ. ನನಗೆ ಧೈರ್ಯವಿಲ್ಲ, ಬೇಡವೆನ್ನುತ್ತೇನೆ. ಮೂಲೆಯ ಕಂಬದ ತುದಿಯಲ್ಲಿ ಅಲಂಕಾರದ ಗುಂಡು ಎದ್ದಿದ್ದರೆ ಅಂಗಿ ಸಿಕ್ಕಿಕೊಂಡು ಕತ್ತು ಬಿಗಿಯುತ್ತದೆ. ಎಷ್ಟೇ ಚೆಂದವಿದ್ದರೂ ಕೊಯ್ಯಿಸಿಬಿಡಿ.

ಹಾಸಿಗೆಯೊಂದು ಮಾತ್ರ ಹೊಸದಾಗಿರಬೇಕು. ಮೆತ್ತಗಿನ ಹಳೆಯ ಗಾದಿಯಲ್ಲಿ ಕೂಸಿನ ಮುಖ ಹೂತು ಉಸಿರು ಕಟ್ಟಬಹುದು. ಗಟ್ಟಿಯಾದ ಹಾಸಿಗೆ, ಮಂಚದ ಬದಿಗೂ ಅದಕ್ಕೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಬೇಡ. ದಿಂಬು, ದಪ್ಪ ಕೌದಿ, ಗೊಂಬೆ ಯಾವುದೂ ಒಳಗೆ ಬೇಡ. ಕೂಸನ್ನು ಅಂಗಾತ ಮಲಗಿಸಿ. ಕೌದಿಯ ಬಗ್ಗೆ ಹೀಗೆ ಹೇಳಿದ್ದಕ್ಕೆ ನನ್ನ ವಯಸ್ಸಿನವರು ಬೇಸರಪಡುತ್ತಾರೆ. ಕೌದಿಯನ್ನು ತೊಡೆಯ ಮೇಲೆ ಹಾಸಿ ಕೂಸನ್ನು ಆಡಿಸಲು ಬಳಸೋಣ, ನಿದ್ದೆಯ ಹೊತ್ತಿಗೆ ತೆಗೆದಿಡೋಣ.

ಇನ್ನು ತಿಗಣೆಯ ಮಾತು. ಬಾಡಿಗೆ ಮನೆಗಳ ನಡುವೆ ಓಡಾಡುವ ಸಾಮಾನಿನಲ್ಲಿ ಅದು ಇರುತ್ತದೆ. ಸಂದಿನಲ್ಲಿ, ತಿರುಪಿನ ತೂತಿನಲ್ಲಿ ಕರಿ ಚುಕ್ಕಿ ಕಂಡರೆ ಗುರುತು. ಕೂಸು ಮಲಗುವ ವಸ್ತುವಿಗೆ ಕೀಟನಾಶಕ ಸಿಂಪಡಿಸಬಾರದು. ಉಜ್ಜುವುದಕ್ಕೆ ಮೊದಲು ಮಂಚವನ್ನು ಪೂರ್ತಿ ಬಿಚ್ಚಿ, ಪ್ರತಿ ಸಂದಿಗೂ ಕುದಿಯುವ ನೀರು ಹೊಯ್ದು, ಟೆರೇಸಿನ ಬಿಸಿಲಿಗೆ ಒಣಗಿಸಿ.

ಮಂಚದ ಜೊತೆಗೆ ಕೂಸಿನ ಬಟ್ಟೆಯಿಡುವ ಡ್ರಾಯರಿನ ಕಪಾಟನ್ನೂ ಹಳೆಯದಾಗಿ ಕೊಳ್ಳುವವರೇ ಹೆಚ್ಚು. ಅದು ಬಹುಪಾಲು ಮರದ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ. ಆ ಅಂಟಿನಿಂದ ಹೊಸದರಲ್ಲಿ ಫಾರ್ಮಾಲ್ಡಿಹೈಡ್ ಹೆಚ್ಚು ಹೊರಬರುತ್ತದೆ, ವರ್ಷಗಳು ಕಳೆದಂತೆ ಇಳಿಯುತ್ತದೆ. ಈ ಒಂದು ಲೆಕ್ಕದಲ್ಲಿ ಹಳೆಯದೇ ಹೊಸದಕ್ಕಿಂತ ಮೇಲು. ಅದನ್ನು ಕೊಯ್ದು ಚಿಕ್ಕದು ಮಾಡಿಸಿದರೆ ಹಸಿ ಅಂಚಿನಿಂದ ಮತ್ತೆ ಶುರುವಾಗುತ್ತದೆ, ಅಂಚಿಗೆ ಪಟ್ಟಿ ಅಂಟಿಸಿ ಮುಚ್ಚಬೇಕು. ನೀರು ಕುಡಿದು ಉಬ್ಬಿದ ಹಲಗೆಗೆ ಚಿಕಿತ್ಸೆಯಿಲ್ಲ. ಮುಖ್ಯ ಮಾತೆಂದರೆ, ನಡೆಯಲು ಕಲಿತ ಮಗು ಡ್ರಾಯರನ್ನು ಮೆಟ್ಟಿಲು ಮಾಡಿಕೊಂಡು ಹತ್ತುತ್ತದೆ, ಕಪಾಟು ಮೇಲೆ ಬೀಳುತ್ತದೆ. 2016ರಲ್ಲಿ ಐಕಿಯಾ ಕಂಪನಿ ಅಮೆರಿಕದಲ್ಲಿ 2.9 ಕೋಟಿ ಕಪಾಟುಗಳನ್ನು ಹಿಂದೆ ಕರೆಸಿಕೊಂಡದ್ದು ಇದೇ ಕಾರಣಕ್ಕೆ. ಬಾಡಿಗೆ ಮನೆಯ ಗೋಡೆಗೆ ತೂತು ಕೊರೆಯಬಾರದು ಎಂದು ಮಾಲೀಕರು ಹೇಳಿದರೆ ಅವರನ್ನು ಕರೆದು ಕಾರಣ ತಿಳಿಸಿ. ಎರಡು ಎಲ್ ಕ್ಲಾಂಪ್, ನಾಲ್ಕು ತಿರುಪು. ಮಗುವಿರುವ ಯಾವ ಮನೆಯೂ ಇದನ್ನು ಬಿಡಬಾರದು.

ಹೆಸರಿಡುವ ದಿನ ನಮ್ಮ ಕಡೆ ಕೂಸಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸುತ್ತಾರೆ. ಮರಾಠಿಯವರ ಬಾರಸೆಯಲ್ಲಿಯೂ ಹೀಗೆಯೇ ಅರೆಯುವ ಕಲ್ಲನ್ನು ಸುತ್ತಿ ತೊಟ್ಟಿಲಿನ ಮೇಲೆ ಕೆಳಗೆ ದಾಟಿಸುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂಬ ಹಾರೈಕೆ ಅದು. ಮಂಚಕ್ಕೂ ನಾನು ಅದನ್ನೇ ಮಾಡಿಸಿದೆ, ಸ್ವಲ್ಪ ಹೆಚ್ಚೇ ಭಾರ ಇಟ್ಟು. 25 ಕಿಲೋ ಅಕ್ಕಿಯ ಚೀಲವನ್ನು ಹಲಗೆಯ ನಡುವೆ ಇಟ್ಟು, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಪ್ರತಿ ಕೀಲನ್ನೂ ಅಲುಗಿಸಿ ನೋಡಿದೆವು. ನಂತರ ಕೂಸಿನ ಬಟ್ಟೆಯ ಕಪಾಟಿನ ಡ್ರಾಯರಿನ ಒಳಗೆ ಮುಖವಿಟ್ಟು ಮೂಸಿ ನೋಡಿದೆವು. ವಾಸನೆ ಇರಲಿಲ್ಲ. ಕೂಸು ಆ ಕೋಣೆಗೆ ಬಂದದ್ದು ಅದಾದ ಮೇಲೆ.

ಕೊನೆಗೊಂದು ಕೋರಿಕೆ. ನೀವು ಪಾಲಿಶ್ ಮಾಡಿಸಿದ ಮಂಚವೂ ಎರಡು ವರ್ಷದಲ್ಲಿ ಇನ್ನೊಬ್ಬರ ಮನೆಗೆ ಹೋಗುತ್ತದೆ. ಅವರು ಯಾವ ಬಣ್ಣ, ಯಾವ ಕಾಲದ್ದು ಎಂದು ಕೇಳುವ ಹೊತ್ತಿಗೆ ನೀವು ಬೇರೆ ಊರಿನಲ್ಲಿರುತ್ತೀರಿ. ಹಲಗೆಯ ಅಡಿಭಾಗದಲ್ಲಿ, ಕೂಸಿನ ಕೈ ಬಾಯಿ ಮುಟ್ಟದ ಕಡೆ, ಸೀಸದ ಕಡ್ಡಿ ಎಂದು ಕರೆದರೂ ಸೀಸವಿಲ್ಲದ ಪೆನ್ಸಿಲಿನಿಂದ ನಾಲ್ಕು ಸಾಲು ಬರೆದಿಡಿ: ಮರ ಯಾವುದು, ಹಳೆಯ ಪಾಲಿಶ್ ತೆಗೆದ ತಿಂಗಳು ಮತ್ತು ವರ್ಷ, ಮೇಲೆ ಹಚ್ಚಿದ್ದು ಏನು, ಸರಳುಗಳ ಅಂತರ ಎಷ್ಟು. ಕನ್ನಡ ಓದಲು ಬಾರದವರ ಮನೆಗೂ ಹೋಗಬಹುದು, ಹಾಗಾಗಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇನ್ನೊಮ್ಮೆ ಬರೆಯಿರಿ. ಬಿಡಿ ತಿರುಪುಗಳನ್ನು ಒಂದು ಚಿಕ್ಕ ಬಟ್ಟೆಚೀಲದಲ್ಲಿ ಹಾಕಿ, ಮಂಚ ಬಿಚ್ಚಿದ ದಿನವೇ ಅದರ ಕಾಲಿಗೆ ಕಟ್ಟಿಬಿಡಿ.